ಬಳ್ಳಾರಿಯ ಸುವಾರ್ತೆಯೂ ಶಿಷ್ಯಪದವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಶಿಷ್ಯನೆಂಬ ಮಾತು ಯಾರಿಗೂ ಹೊಸದಲ್ಲ. ಮಠಗಳುಂಟು, ಮಠಕ್ಕೊಂದು ಗುರುಪರಂಪರೆಯುಂಟು. ಕೊಟ್ಟೂರೇಶ್ವರನ ತೇರಿಗೆ ನೆರೆಯುವ ಸಹಸ್ರಾರು ಮಂದಿ ತಮ್ಮನ್ನು ಆ ಗುರುವಿನ ಮಕ್ಕಳೆಂದೇ ಭಾವಿಸುವರು. ಇಂತಹ ನೆಲಕ್ಕೆ ಸಮೀಪದಲ್ಲಿಯೇ, ಬಳ್ಳಾರಿ ಪಟ್ಟಣದಲ್ಲಿ, ಕ್ರಿಸ್ತನ ಸುವಾರ್ತೆಯು ಕನ್ನಡದ ಉಡುಪನ್ನು ಧರಿಸಿತೆಂಬುದನ್ನು ನಮ್ಮವರಲ್ಲಿ ಅನೇಕರು ಮರೆತಿರುವರು.

1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕುಂಪಣಿ ಸರಕಾರಕ್ಕೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಏಳು ವರ್ಷ ಕಲೆಕ್ಟರನಾಗಿದ್ದು ಕಂದಾಯದ ವ್ಯವಸ್ಥೆಯನ್ನು ನೆಲೆಗೊಳಿಸಿ ಹೋದ ಮೇಲೆ, 1810ರಲ್ಲಿ ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬಳ್ಳಾರಿಗೆ ಬಂದನು. ಕೆಲವು ವರ್ಷಗಳ ತರುವಾಯ ವಿಲಿಯಂ ರೀವ್ ಎಂಬವನು ಅವನನ್ನು ಕೂಡಿಕೊಂಡನು. ಹ್ಯಾಂಡ್ಸನು ಮೊದಲು ಕೈಹಾಕಿದ್ದು ಸುವಾರ್ತೆಗಳ ಭಾಷಾಂತರಕ್ಕೆ. 1831ರ ವೇಳೆಗೆ ಬೈಬಲ್ ಸಮಗ್ರವಾಗಿ ಕನ್ನಡದಲ್ಲಿ ದೊರೆಯುವಂತಾಯಿತು. ರೀವನು 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. ಕಿಟ್ಟೆಲ್ಲನ ಮಹಾಕೋಶವು ಹೊರಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಶ್ರಮದ ಬೆಲೆ ತಿಳಿದೀತು. ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡುತ್ತಿದ್ದ ಮೋಗ್ಲಿಂಗನ ಸಮಾಚಾರಪತ್ರಿಕೆಯು 1844ರಲ್ಲಿ ಮುದ್ರಣಕ್ಕಾಗಿ ಬಂದದ್ದೂ ಬಳ್ಳಾರಿಗೇ. ಬೋಧಿಸಲು ಬಂದ ಈ ಪರದೇಶಿಯರು ಮೊದಲು ವರ್ಣಮಾಲೆಯ ಮುಂದೆ ತಾವೇ ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಬೇಕಾಯಿತು. ಅದು ಅವರಿಗೆ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಕನ್ನಡ ಸುವಾರ್ತೆಗಳಲ್ಲಿ ಕ್ರಿಸ್ತನ ಹಿಂಬಾಲಕರಿಗೆ ನಿಂತಿರುವ ಹೆಸರು ಶಿಷ್ಯರೆಂಬುದೇ. ಗ್ರೀಕ್ ಮೂಲದಲ್ಲಿರುವ ಪದಕ್ಕೆ ಕಲಿಯುವವನೆಂದರ್ಥ. ನಮ್ಮ ಶಿಷ್ಯಪದವಾದರೋ ಶಾಸ್ ಧಾತುವಿನಿಂದ ಬಂದುದು. ಅನುಶಾಸನಕ್ಕೆ ಅರ್ಹನಾದವನೇ ಶಿಷ್ಯನು. ಎರಡೂ ಹತ್ತಿರದವೇ ಸರಿ. ಆದರೆ ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಸುವಾರ್ತೆಯನ್ನು ತೆರೆದಾಗ ಒಂದು ವಿಚಿತ್ರವು ಕಣ್ಣಿಗೆ ಬೀಳುವುದು. ನಮ್ಮಲ್ಲಿ ಶಿಷ್ಯನು ಸಮಿತ್ತನ್ನು ಕೈಯಲ್ಲಿ ಹಿಡಿದು ಗುರುವನ್ನರಸಿಕೊಂಡು ಹೋಗುವನು. ಅಲ್ಲಿ ಗುರುವೇ ಶಿಷ್ಯನನ್ನರಸಿಕೊಂಡು ಬರುವನು. ಬಲೆ ಬೀಸುತ್ತಿದ್ದ ಬೆಸ್ತರನ್ನು ಕೆರೆಯ ದಂಡೆಯಲ್ಲಿ ಕರೆಯುವನು. ಸುಂಕದ ಕಟ್ಟೆಯಲ್ಲಿ ಕುಳಿತು ಜನರ ಶಾಪಕ್ಕೆ ಗುರಿಯಾಗಿದ್ದವನನ್ನು ಎಬ್ಬಿಸಿಕೊಂಡು ಹೋಗುವನು. ಅಧಿಕಾರಿಯಾರೆಂಬ ವಿಚಾರವನ್ನೇ ಅವನು ತಲೆಕೆಳಗು ಮಾಡಿದನು.

ಇದಕ್ಕಿಂತಲೂ ನಮ್ಮ ಸೀಮೆಯವರನ್ನು ತಡೆದು ನಿಲ್ಲಿಸುವ ಪ್ರಸಂಗವು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿರುವುದು. ಗುರುಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸುವ ವೀರಶೈವ ಮನೆಯಲ್ಲಿ ಹುಟ್ಟಿದವನು, ಗುರುವೇ ಸೊಂಟಕ್ಕೆ ವಸ್ತ್ರವನ್ನು ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂದು ಓದಿದರೆ ಮೊದಲು ಬೆರಗಾಗದಿರನು. ಪೇತ್ರನೆಂಬ ಶಿಷ್ಯನೂ ಬೆರಗಾಗಿ, ಬೇಡವೆಂದು ಕಾಲನ್ನು ಹಿಂದೆಗೆದನು. ತಾನು ತೊಳೆಯದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲವೆಂದು ಗುರುವು ಹೇಳಿದ ಮೇಲೆಯೇ ಅವನು ಒಪ್ಪಿದನು. ಇದನ್ನು ಕೇವಲ ವಿನಯದ ಪಾಠವೆನ್ನುವವರುಂಟು. ನನಗೆ ಹಾಗೆ ತೋರದು. ಸೇವೆಯನ್ನು ಮಾಡುವುದಕ್ಕಿಂತ ಸೇವೆಯನ್ನು ಕೈಕೊಳ್ಳುವುದು ಅಭಿಮಾನಿಗೆ ಕಷ್ಟವೆಂಬುದು ಅಲ್ಲಿಯ ಮರ್ಮ.

ಇನ್ನು ಶಿಷ್ಯತ್ವದ ವೆಚ್ಚದ ಮಾತು. ಗೋಪುರವನ್ನು ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಲೂಕನ ಸುವಾರ್ತೆಯಲ್ಲಿ ಒಂದು ದೃಷ್ಟಾಂತವುಂಟು. ಹ್ಯಾಂಡ್ಸನ ಕಾಲದಲ್ಲಿ ಈ ಲೆಕ್ಕವು ಬರಿಯ ದೃಷ್ಟಾಂತವಾಗಿರಲಿಲ್ಲ. ಧರ್ಮಶಾಸ್ತ್ರದ ಪ್ರಕಾರ ಪತಿತನಿಗೆ ಪಿತ್ರಾರ್ಜಿತದಲ್ಲಿ ಭಾಗವಿಲ್ಲ. ಆದುದರಿಂದ ಮತಾಂತರ ಹೊಂದಿದವನು ಹೊಲವನ್ನೂ ಮನೆಯನ್ನೂ ಕಳೆದುಕೊಳ್ಳಲು ಸಿದ್ಧನಾಗಿರಬೇಕಾಗಿತ್ತು. 1850ರ ಇಪ್ಪತ್ತೊಂದನೆಯ ಕಾಯಿದೆಯು ಈ ಹಕ್ಕಿನ ಲೋಪವನ್ನು ತೆಗೆದುಹಾಕಿತು. ಅದಕ್ಕೆ ವಿರೋಧವೂ ಬಲವಾಗಿದ್ದಿತು. ಅವಿಭಕ್ತ ಕುಟುಂಬದಲ್ಲಿ ಆಸ್ತಿಯೂ ಪಿಂಡಪ್ರದಾನವೂ ಒಂದಕ್ಕೊಂದು ಹೆಣೆದುಕೊಂಡಿದ್ದುವಾಗಿ, ಪಿಂಡವಿಡದವನಿಗೆ ಪಾಲೇಕೆಂಬ ಪ್ರಶ್ನೆಯನ್ನು ಬರಿಯ ಹಟವೆಂದು ತಳ್ಳಿಬಿಡಲಾಗದು. ಮತಾಂತರ ಹೊಂದಿದವನ ಗಂಡನೋ ಹೆಂಡತಿಯೋ ಕೂಡಿ ಬಾಳಲೊಲ್ಲದೆ ಹೋದಾಗಿನ ವಿಚ್ಛೇದಕ್ಕೆ 1866ರಲ್ಲಿ ಬೇರೊಂದು ಕಾಯಿದೆ ಬಂದಿತು. ಆದರೆ ಪಂಕ್ತಿಗೂ ಬಾವಿಗೂ ಯಾವ ಕಾಯಿದೆಯೂ ಆಗ ಬರಲಿಲ್ಲ.

ಸುವಾರ್ತೆಗಳಲ್ಲಿ ನಾನು ಮೆಚ್ಚುವುದು ಇನ್ನೊಂದು. ಶಿಷ್ಯರ ಚರಿತ್ರೆಯನ್ನು ಶಿಷ್ಯರ ಕಡೆಯವರೇ ಬರೆದರೂ ಅವರ ಹೀನಾಯವನ್ನು ಮುಚ್ಚಲಿಲ್ಲ. ಮಾರ್ಕನು ಬರೆದ ಅತಿ ಚಿಕ್ಕ ಸುವಾರ್ತೆಯಲ್ಲಿ ಅವರು ಯಾರು ದೊಡ್ಡವರೆಂದು ಹಾದಿಯಲ್ಲಿ ವಾದಿಸುವರು, ಗುರುವಿನ ಸಂಕಟದ ರಾತ್ರಿಯಲ್ಲಿ ನಿದ್ರಿಸುವರು, ಅವನನ್ನು ಹಿಡಿದಾಗ ಓಡಿಹೋಗುವರು. ಕಾಲನ್ನು ಹಿಂದೆಗೆದಿದ್ದ ಪೇತ್ರನೇ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ಅರಿಯೆನೆಂದು ಮೂರು ಸಾರಿ ಅಲ್ಲಗಳೆದನು. ಅವನ ಗುಟ್ಟನ್ನು ರಟ್ಟು ಮಾಡಿದುದು ಅವನ ಮಾತಿನ ಧಾಟಿಯೇ ಎಂದು ಮತ್ತಾಯನು ಹೇಳುವನು. ಗಲಿಲಾಯದ ಉಚ್ಚಾರಣೆಯು ರಾಜಧಾನಿಯಲ್ಲಿ ಅಡಗಲಿಲ್ಲ. ನಮ್ಮ ಹಡಗಲಿಯವನು ಮಂಗಳೂರಿನ ಪೇಟೆಯಲ್ಲಿ ಎರಡು ಮಾತಾಡಿದರೆ, ಯಾವ ಕಡೆಯವರೆಂದು ಅಂಗಡಿಯವನು ಕೇಳದೆ ಬಿಡುವನೇ?