ಹೊತ್ತು ನೋಡಿ ಹೊಡೆಯುವ ಔಷಧಿ

ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ 2,4-ಡಿ ಎಂಬ ಕಳೆನಾಶಕ ಅಮೆರಿಕದ ಗೋಧಿ, ಮೆಕ್ಕೆಜೋಳದ ಹೊಲಗಳಿಗೆ ಇಳಿಯಿತು. ಹುಲ್ಲುಜಾತಿಯ ಬೆಳೆಗೆ ಧಕ್ಕೆಯಿಲ್ಲ, ಅಗಲ ಎಲೆಯ ಕಳೆಗೆ ಉಳಿಗಾಲವಿಲ್ಲ. ಕುದುರೆ ಮೆಂತೆ, ಅಂದರೆ ಲೂಸರ್ನ್ ಬೆಳೆಯುವವರಿಗೆ ಮಾತ್ರ ಈ ಭಾಗ್ಯ ಸಿಗಲಿಲ್ಲ. ಅವರ ಬೆಳೆಯೇ ಅಗಲ ಎಲೆಯದು.

ದಾರಿ ತೋರಿಸಿದವರು ಇಂಗ್ಲೆಂಡಿನ ವೈ ಕಾಲೇಜಿನ ಆರ್. ಎಲ್. ವೇನ್. 1950ರ ದಶಕದಲ್ಲಿ ಅವರ ತಂಡ ಕೆಲಸ ಮಾಡಿದ 2,4-ಡಿಬಿ ಇದ್ದಹಾಗೇ ಅಷ್ಟು ವಿಷವಲ್ಲ. ಗಿಡದ ಒಳಗೆ 2,4-ಡಿ ಆಗಿ ಬದಲಾದ ಮೇಲೆಯೇ ಅದು ಕೊಲ್ಲುವುದು. ಕಳೆಯಲ್ಲಿ ಈ ಬದಲಾವಣೆ ಬೇಗ, ಕುದುರೆ ಮೆಂತೆಯಲ್ಲಿ ತೀರ ನಿಧಾನ. ಕಳೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವಂತೆ ಮಾಡಿದ ಜಾಣತನ ಇದು. ಆದರೂ ಎಳೆ ಪೈರಿಗೆ ಸಿಂಪಡಿಸಿದರೆ ಅರವತ್ತು ದಿನ ಅದನ್ನು ದನಕ್ಕೆ ಹಾಕುವಂತಿಲ್ಲ.

ಅದೇ ಕಾಲದ ಇಪಿಟಿಸಿ ಎಂಬ ಕಳೆನಾಶಕವನ್ನು ಬಿತ್ತನೆಗೆ ಮೊದಲೇ ಹಾಕಬೇಕು. ಬೇಗ ಆವಿಯಾಗುವುದರಿಂದ ಹಾಕಿದ ಕೂಡಲೇ ಮಣ್ಣಿಗೆ ಬೆರೆಸದಿದ್ದರೆ ದುಡ್ಡು ಗಾಳಿಗೆ ಹೋದಂತೆ.

ಕುದುರೆ ಮೆಂತೆಯಂಥ ಬಹುವಾರ್ಷಿಕ ಬೆಳೆಯ ನಿಜವಾದ ಅನುಕೂಲ ಚಳಿಗಾಲದಲ್ಲಿದೆ ಎಂಬುದು ಆಮೇಲೆ ಹೊಳೆಯಿತು. ಕ್ಯಾಲಿಫೋರ್ನಿಯಾದ ಕಣಿವೆಗಳಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಗಿಡ ನಿದ್ದೆಗೆ ಜಾರಿರುತ್ತದೆ. ಚಳಿಗಾಲದ ಕಳೆ ಮಾತ್ರ ಚಿಗುರುತ್ತಿರುತ್ತದೆ. ಡೈಯುರಾನ್, ಹೆಕ್ಸಾಜಿನೋನ್, ಮೆಟ್ರಿಬುಜಿನ್, ಪ್ಯಾರಾಕ್ವಾಟ್‌ಗಳೆಲ್ಲ ಈ ಸಂದಿಯಲ್ಲೇ ಕೆಲಸ ಮಾಡಿದವು. ವಸಂತದ ಚಿಗುರು ಹೊರಟ ಮೇಲೆ ಪ್ಯಾರಾಕ್ವಾಟ್ ಹೊಡೆದರೆ ಆ ಚಿಗುರೇ ಸುಡುತ್ತದೆ. ಹಾಗೆಂದು ಕಳೆಯನ್ನು ಬಿಡುವಂತೆಯೂ ಇಲ್ಲ: ಗ್ರೌಂಡ್ಸೆಲ್, ಫಿಡಲ್‌ನೆಕ್‌ನಂಥ ಕಳೆಗಳು ಒಣಮೇವಿನಲ್ಲಿ ಸೇರಿಕೊಂಡರೆ ಕುದುರೆ, ದನಗಳ ಯಕೃತ್ತು ಕೆಡುತ್ತದೆ. ಡೈಯುರಾನ್ ಅಂತರ್ಜಲಕ್ಕೂ ಇಳಿದಾಗ ಕ್ಯಾಲಿಫೋರ್ನಿಯಾ ಅದರ ಬಳಕೆಗೆ ಕಡಿವಾಣ ಹಾಕಿತು.

1980ರ ದಶಕದ ಕೊನೆಗೆ ಬಂದ ಇಮಾಜೆಥಾಪೈರ್ ಎಳೆ ಪೈರಿನಲ್ಲೂ ಸಲ್ಲುವ ಔಷಧಿ. ಕೊಯ್ಲಿಗೆ ಮೂವತ್ತು ದಿನ ಕಾದರೆ ಸಾಕು. ಆದರೆ ಅದೇ ಹೊಲದಲ್ಲಿ ಸಕ್ಕರೆ ಬೀಟ್ ಬಿತ್ತಬೇಕೆಂದರೆ ನಲವತ್ತು ತಿಂಗಳು ಕಾಯಬೇಕು.

ಈ ಲೆಕ್ಕಾಚಾರಕ್ಕೆಲ್ಲ ಮಂಗಳ ಹಾಡುವ ಭರವಸೆಯೊಂದಿಗೆ 2005ರಲ್ಲಿ ಬಂದದ್ದು ಗ್ಲೈಫೋಸೇಟ್ ಕಳೆನಾಶಕವನ್ನು ತಾಳಿಕೊಳ್ಳುವ ಕುದುರೆ ಮೆಂತೆಯ ಕುಲಾಂತರಿ ತಳಿ. ಪರಾಗ ಹಾರಿ ತಮ್ಮ ಬೀಜ ಕೆಡುತ್ತದೆಂದು ಬೀಜ ಬೆಳೆಗಾರರು ನ್ಯಾಯಾಲಯಕ್ಕೆ ಹೋದರು, 2007ರಲ್ಲಿ ಬಿತ್ತನೆಗೆ ತಡೆ ಬಿತ್ತು. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟಿನ ಆದೇಶ ಅತಿಯಾಯಿತೆಂದಿತು. 2011ರಲ್ಲಿ ಕೃಷಿ ಇಲಾಖೆ ಪೂರ್ತಿ ಅನುಮತಿ ಕೊಟ್ಟಿತು. ಆದರೂ ಹೊತ್ತಿನ ಕಾಟ ತಪ್ಪಲಿಲ್ಲ. ಚೀಲದಲ್ಲಿ ಸುಮಾರು ಶೇ. 10ರವರೆಗೆ ಆ ಗುಣವಿಲ್ಲದ ಬೀಜಗಳಿರಬಹುದು. ಪೈರು ಮೂರು ನಾಲ್ಕು ಎಲೆ ಬಿಟ್ಟಾಗಲೇ ಮೊದಲ ಸಿಂಪಡಣೆ ಮಾಡಿ ಅವನ್ನು ತೆಗೆಯಬೇಕು. 2014ರ ವಸಂತದಲ್ಲಿ ಕ್ಯಾಲಿಫೋರ್ನಿಯಾದ ಸ್ಕಾಟ್ ಕಣಿವೆಯಲ್ಲಿ ಇನ್ನೊಂದು ಬೆರಗು: ಎತ್ತರಕ್ಕೆ ಬೆಳೆದ ಪೈರಿಗೆ ಗ್ಲೈಫೋಸೇಟ್ ಹೊಡೆದ ಬೆನ್ನಿಗೇ ಹೆಪ್ಪುಗಟ್ಟಿಸುವ ಚಳಿ ಬಿದ್ದರೆ, ತಾಳಿಕೊಳ್ಳಬೇಕಾದ ತಳಿಯೇ ಬಾಡುತ್ತಿತ್ತು. ಪೈರು ಇನ್ನೂ ಗಿಡ್ಡವಿರುವಾಗಲೇ ಸಿಂಪಡಿಸಿ ಎಂಬ ಸಲಹೆ ಆಮೇಲೆ ಬಂತು.

ನಮ್ಮಲ್ಲಿ ಈ ಕುಲಾಂತರಿ ತಳಿಗೆ ಅನುಮತಿಯಿಲ್ಲ. ಹಸುಗಳಿಗೆಂದು ಒಂದೆರಡು ಗುಂಟೆಯಲ್ಲಿ ಕುದುರೆ ಮೆಂತೆ ಹಾಕಿ ತಿಂಗಳಿಗೊಮ್ಮೆ ಕೊಯ್ಯುವವರಿಗೆ ಸಿಂಪಡಣೆಗಿಂತ ಕುಡುಗೋಲೇ ವಾಸಿ. ನಿಜವಾದ ಶತ್ರು ಕಸ್ಕ್ಯೂಟ, ಬೇರಿಲ್ಲದೆ ಹಳದಿ ದಾರದಂತೆ ಸುತ್ತಿಕೊಳ್ಳುವ ಪರಾವಲಂಬಿ ಬಳ್ಳಿ. ಅದು ಬರುವುದು ಹೆಚ್ಚಾಗಿ ಬಿತ್ತನೆ ಬೀಜದ ಜೊತೆಗೇ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಪ್ರಮಾಣಿತ ಬೀಜವನ್ನೇ ತನ್ನಿ. ಬಳ್ಳಿ ಕಂಡರೆ ಅದು ಹೂ ಬಿಡುವ ಮೊದಲೇ ಸುತ್ತಿಕೊಂಡ ಗಿಡಗಳ ಸಮೇತ ಕೊಯ್ದು ಸುಟ್ಟುಬಿಡಿ.