ಕಂಪನಿಯ ದಂಡು ಮತ್ತು ತುಂಗಭದ್ರೆಯ ಸೀಮೆ (1799–1881)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗಗಳು 1799ರಲ್ಲಿ ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದವು. ಹೊಳೆಯಾಚೆ ಮರಾಠರ ಸೀಮೆ. ಟಿಪ್ಪು ಸುಲ್ತಾನ್ ಮಡಿದ ಎರಡು ತಿಂಗಳಿಗೆ, ಜುಲೈ 8ರಂದು, ಶ್ರೀರಂಗಪಟ್ಟಣದಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಸಹಾಯಕ ಸೈನ್ಯದ ಒಪ್ಪಂದವಾಯಿತು. ಕಂಪನಿಯ ಸೈನ್ಯ ಸಂಸ್ಥಾನದೊಳಗೆ ಕಾಯಂ ಆಗಿ ಇರಬೇಕು, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು 24.5 ಲಕ್ಷ ರೂಪಾಯಿ ತೆರಬೇಕು. ಒಪ್ಪಂದದ ಲೆಕ್ಕದಲ್ಲೇ ಒಡೆಯರಿಗೆ ಬಿಟ್ಟುಕೊಟ್ಟ ಸೀಮೆಯ ಹುಟ್ಟುವಳಿಯ ಅರ್ಧಕ್ಕಿಂತ ಹೆಚ್ಚು ಹಣವಿದು. ನಾಲ್ಕನೆಯ ಕಲಮು ಇನ್ನೂ ಮುಂದೆ ಹೋಯಿತು: ಹಣ ಬಾರದೆ ಹೋದೀತೆಂಬ ಶಂಕೆ ಹುಟ್ಟಿದರೂ ಸಾಕು, ಆಡಳಿತವನ್ನು ಕಂಪನಿ ಕೈಗೆ ತೆಗೆದುಕೊಳ್ಳಬಹುದು. ಮುಂದಿನ ಎಂಬತ್ತು ವರ್ಷಗಳ ಮೈಸೂರಿನ ರಾಜಕೀಯದ ಬೀಜ ಈ ಕಲಮಿನಲ್ಲಿದೆ. ದೇಶದೊಳಗೆ ಬೀಡುಬಿಟ್ಟ ಪರಸೈನ್ಯ ಹೊರಗಿನ ವೈರಿಯನ್ನು ತಡೆದದ್ದು ನಿಜ. ಅದಕ್ಕಿಂತ ಆಳವಾದ ಪರಿಣಾಮವೆಂದರೆ ದೊರೆಗೂ ಪ್ರಜೆಗೂ ನಡುವೆ ಇದ್ದ ಹಳೆಯ ಲೆಕ್ಕಾಚಾರವನ್ನು ಅದು ಕೆಡಿಸಿದ್ದು.

ಆ ದಂಡಿನ ಮೊದಲ ಬೇಟೆಯೇ ಚನ್ನಗಿರಿಯಲ್ಲಿ ಹುಟ್ಟಿದವನೆಂದು ಹೇಳಲಾಗುವ ಧೋಂಡಿಯಾ ವಾಘ್. ಟಿಪ್ಪುವಿನ ಸೆರೆಯಲ್ಲಿದ್ದ ಈತ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆಯಾಗಿ, ಕೆಲಸ ಕಳೆದುಕೊಂಡ ಸುಲ್ತಾನನ ಕುದುರೆ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಗೆ ನುಗ್ಗಿದ. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸೋತು ಮರಾಠರ ಸೀಮೆಗೆ ಓಡಿದವನು ಮತ್ತೆ ಬಲ ಕೂಡಿಸಿಕೊಂಡು ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ. ಮರುವರ್ಷ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಹರಿಹರದಲ್ಲಿ ಹೊಳೆ ದಾಟಿ ಅವನ ಬೆನ್ನುಹತ್ತಿದ. 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಜಿಲ್ಲೆಯ ಕೋನಗಲ್ ಬಳಿ ಸುಮಾರು ಐದು ಸಾವಿರ ಸವಾರರ ಎದುರು ತನ್ನ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಏರಿಹೋದ. ಧೋಂಡಿಯಾ ಅಲ್ಲೇ ಬಿದ್ದ. ಸಾಮಾನು ಸರಂಜಾಮಿನ ನಡುವೆ ಸಿಕ್ಕ ಅವನ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ. ಲೂಟಿಗೆ ಸಿಕ್ಕಿ ನಲುಗಿದ್ದ ರೈತನಿಗೆ ಧೋಂಡಿಯಾ ಬಿದ್ದದ್ದರಿಂದ ನೆಮ್ಮದಿ ಸಿಕ್ಕಿತು, ಕಂಪನಿಯ ಸೈನ್ಯ ಶಾಂತಿ ತಂದಿತು ಎಂಬ ವಾದಕ್ಕೆ ಇದೇ ಗಟ್ಟಿ ಆಧಾರ. ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಧೋಂಡಿಯಾನ ಪಡೆ ಆಕಾಶದಿಂದ ಇಳಿದದ್ದಲ್ಲ. ಒಂದು ರಾಜ್ಯದ ಸೈನ್ಯವನ್ನು ಒಮ್ಮೆಗೇ ಬರಖಾಸ್ತು ಮಾಡಿದ ಗೆಲುವೇ ಅದನ್ನು ಹುಟ್ಟಿಸಿತು.

ಕಾವಲಿಗೆಂದು ಬಂದ ದಂಡು ಇಲ್ಲಿಂದ ಮುಂದಿನ ಯುದ್ಧಕ್ಕೆ ಹೊರಟಿತು. 1803ರ ಮಾರ್ಚ್‌ನಲ್ಲಿ ವೆಲ್ಲೆಸ್ಲಿ ಪುಣೆಯತ್ತ ನಡೆದದ್ದು ಹರಿಹರದಿಂದಲೇ. ದಿವಾನ್ ಪೂರ್ಣಯ್ಯನವರು ಕಳಿಸಿದ ಮೈಸೂರು ಸವಾರರೂ ಜೊತೆಗಿದ್ದರು. ಮೈಸೂರು 4,000 ಸಿಲ್ಲೇದಾರ್ (ಸ್ವಂತ ಕುದುರೆ ತರುವ) ಸವಾರರನ್ನು ಸದಾ ಸಿದ್ಧವಿಡಬೇಕೆಂಬುದು 1807ರಲ್ಲಿ ಒಪ್ಪಂದಕ್ಕೇ ಸೇರಿತು. 1818ಕ್ಕೆ ಮರಾಠರ ಪೇಶ್ವೆಯ ಆಳ್ವಿಕೆ ಮುಗಿದು, ಯಾವ ವೈರಿಯನ್ನು ತಡೆಯಲು ಸೈನ್ಯ ಬೇಕೆಂದಿದ್ದರೋ ಆ ವೈರಿಯೇ ಇಲ್ಲವಾದ. ಸೈನ್ಯದ ಖರ್ಚಿಗೆ ತೆರುತ್ತಿದ್ದ ಕಪ್ಪ ಮಾತ್ರ ಒಂದು ಕಾಸೂ ಇಳಿಯಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1830ರಲ್ಲಿ. ಹೊನ್ನಾಳಿ, ಚನ್ನಗಿರಿಗಳೂ ಸೇರಿದ್ದ ನಗರ ಫೌಜುದಾರಿ ಎಂಬ ಆಡಳಿತ ವಿಭಾಗದಲ್ಲಿ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಟ್ಟು ವಸೂಲಿಗಿಳಿಯುವ ಶರ್ತು ಪದ್ಧತಿ ಅವರನ್ನು ಹಿಂಡಿತ್ತು. ಕೆಳದಿಯ ಗಾದಿಗೆ ಹಕ್ಕು ಹೇಳಿದ ಬೂದಿ ಬಸವಪ್ಪ, ತರೀಕೆರೆಯ ಪಾಳೆಗಾರ ರಂಗಪ್ಪ ನಾಯಕ ಸೇರಿಕೊಂಡಾಗ ರೈತರ ದೂರು ದಂಗೆಯಾಯಿತು. ಮೈಸೂರಿನ ಪಡೆಗಳ ಕೈಮೀರಿದ್ದನ್ನು ಕಂಪನಿಯ ಸೈನ್ಯ ಬಂದು 1831ರಲ್ಲಿ ಅಡಗಿಸಿತು. ಅದೇ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ನಾಲ್ಕನೆಯ ಕಲಮನ್ನು ಮುಂದಿಟ್ಟು ದೊರೆಯಿಂದ ಆಡಳಿತ ಕಿತ್ತುಕೊಂಡ.

ತಪ್ಪು ದೊರೆಯದು, ದಂಡಿನದೇನು ಎಂದು ಕೇಳಬಹುದು. ಪೂರ್ಣಯ್ಯನವರು 1811ರಲ್ಲಿ ಬಿಟ್ಟುಹೋದ ತುಂಬಿದ ಬೊಕ್ಕಸ ಬರಿದಾದದ್ದು ಅರಮನೆಯ ದುಂದಿನಿಂದಲೂ ಹೌದು. ಆದರೆ ರೈತ ತಿರುಗಿಬಿದ್ದಾನೆಂಬ ಭಯ ಹಿಂದೆ ದೊರೆಯ ಕೈಯನ್ನು ಹಿಡಿಯುತ್ತಿತ್ತು. ತಿರುಗಿಬಿದ್ದವರನ್ನು ಬಗ್ಗುಬಡಿಯಲು ಪರರ ಸೈನ್ಯವಿದ್ದಾಗ ಆ ಭಯ ಉಳಿಯುವುದಿಲ್ಲ. ಇದು ಇಂದಿನವರ ಜಾಣತನದ ಮಾತಲ್ಲ. ಕಂಪನಿಯ ಸ್ವಂತ ಅಧಿಕಾರಿ ಥಾಮಸ್ ಮನ್ರೋ 1817ರಲ್ಲೇ ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ, ಸಹಾಯಕ ಸೈನ್ಯ ಎಲ್ಲಿ ಕಾಲಿಟ್ಟರೂ ಅಲ್ಲಿನ ಸರ್ಕಾರ ದುರ್ಬಲವೂ ಪೀಡಕವೂ ಆಗುತ್ತದೆಂದು ಎಚ್ಚರಿಸಿದ್ದ. ಬೆಂಟಿಂಕನಿಗೂ ತನ್ನ ಕ್ರಮ ನ್ಯಾಯವೇ ಎಂಬ ಶಂಕೆ ಕಾಡಿ, ಕೆಲವು ಜಿಲ್ಲೆಗಳನ್ನಾದರೂ ದೊರೆಗೆ ಮರಳಿಸಲು 1834ರಲ್ಲಿ ಸಲಹೆ ಕೊಟ್ಟ; ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಹರಿಹರದಲ್ಲಿ ಬೀಡುಬಿಟ್ಟಿದ್ದ ದಂಡು 1865ರವರೆಗೂ ಇತ್ತು. 1881ರ ಮಾರ್ಚ್ 25ರಂದು ಮುಮ್ಮಡಿಯವರ ಉತ್ತರಾಧಿಕಾರಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಆದರೆ ಬ್ರಿಟಿಷರು ಬೇಕೆಂದಲ್ಲಿ ದಂಡು ಇರಿಸಬಹುದು, ಅವರ ಅಪ್ಪಣೆಯಿಲ್ಲದೆ ಮಹಾರಾಜರು ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ಬಲಪಡಿಸುವಂತಿಲ್ಲ ಎಂಬ ಷರತ್ತುಗಳು ಹಸ್ತಾಂತರದ ಪತ್ರದಲ್ಲೇ ಇದ್ದವು. ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿದ್ದೂ ಅದೇ ಪತ್ರದಲ್ಲಿ.