ಟಂಕಸಾಲೆಯ ತಪ್ಪು, ಲೋಕದ ಪೆಟ್ಟು

ಕೆಲವು ತಿಂಗಳ ಹಿಂದೆ ಪರಿಚಯದ ರೈತರೊಬ್ಬರು ಎಲೆಯಡಿಕೆಯ ಸಂಚಿಯಿಂದ ಎರಡು ನಾಣ್ಯಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೊದಲನೆಯದು 1980ರ ದಶಕದ ಒಂದು ರೂಪಾಯಿ. ಅದರ ಸಿಂಹಗಳ ಮೇಲೆ ಇನ್ನೊಂದು ನಾಣ್ಯದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಒಳಕ್ಕೆ ಇಳಿದಿದ್ದವು. ‘ಇದು ಟಂಕಸಾಲೆಯ ತಪ್ಪು, ಎರಡು ಲಕ್ಷ ಬಾಳುತ್ತದೆ’ ಎಂದು ಯಾರೋ ದೂರವಾಣಿಯಲ್ಲಿ ನಂಬಿಸಿ, ಮುಂಗಡ ಶುಲ್ಕವೆಂದು ಅವರಿಂದ ಮೂರು ಸಾವಿರ ಪಡೆದಿದ್ದರಂತೆ. ಹಳೆಯ ನಾಣ್ಯದ ನೆಪದಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿತ್ತು. ಆ ಮಾತು ಈ ಸಂಚಿಯವರೆಗೆ ತಲುಪಿರಲಿಲ್ಲ.

ಕೇಳುಗರೆ, ವಿಕಾರವಾದ ನಾಣ್ಯವೊಂದು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ. ಈ ಗುರುತು ಅಚ್ಚು ಬಿದ್ದ ಕ್ಷಣದಲ್ಲಿ ಆದದ್ದೋ, ಆಮೇಲೆ ಆದದ್ದೋ? ಯಂತ್ರದಲ್ಲಿ ಲೋಹದ ಬಿಲ್ಲೆ ಎರಡು ಅಚ್ಚುಗಳ ನಡುವೆ, ಒಂದು ಉಕ್ಕಿನ ಬಳೆಯೊಳಗೆ ಕುಳಿತಿರುತ್ತದೆ. ಒಂದೇ ಒತ್ತಿಗೆ ಎರಡು ಮುಖಗಳೂ ಮೂಡುತ್ತವೆ. ಕೆಲವೊಮ್ಮೆ ಹಿಂದಿನ ನಾಣ್ಯ ಹೊರಬೀಳದೆ ಒಂದು ಅಚ್ಚಿಗೇ ಅಂಟಿಕೊಂಡು ಉಳಿಯುವುದುಂಟು. ಆಗ ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದರ ರೂಪ ತಿರುವಾಗಿ, ಕುಳಿಯಾಗಿ ಬೀಳುತ್ತದೆ. ಆದರೆ ಅಂಟಿದ ನಾಣ್ಯ ಸಿಂಹದ ಅಚ್ಚನ್ನು ಪೂರ್ತಿಯಾಗಿ ಮರೆಮಾಡಿರುವಾಗ ಆ ಮುಖದಲ್ಲಿ ಸಿಂಹ ಮೂಡುವುದೆಂತು? ನಮ್ಮ ರೈತರ ನಾಣ್ಯದಲ್ಲಿ ಜಜ್ಜಿದ ಸಿಂಹಗಳೂ ಇದ್ದವು, ಅವುಗಳ ಮೇಲೆ ತಿರುವು ಅಕ್ಷರಗಳೂ ಇದ್ದವು. ಹಿಂದಿನ ಮುಖ ಒತ್ತಡಕ್ಕೆ ಚಪ್ಪಟೆಯಾಗಿತ್ತು. ಯಾರೋ ಎರಡು ನಾಣ್ಯಗಳನ್ನು ಜೋಡಿಸಿ ಗ್ಯಾರೇಜಿನ ವೈಸ್‌ನಲ್ಲಿ ಬಿಗಿದಿದ್ದರು, ಅಷ್ಟೆ.

ಬೆರಳ ತುದಿಯೂ ಒಳ್ಳೆಯ ಪರೀಕ್ಷಕ. ಅಚ್ಚು ಬಿರುಕುಬಿಟ್ಟರೆ ಲೋಹ ಆ ಬಿರುಕಿನೊಳಕ್ಕೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಬರುತ್ತದೆ. ಮೊಳೆಯಿಂದ ಗೀರಿದರೆ ತಗ್ಗುಗೆರೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಅಲಗು ಬಿದ್ದರೆ ನಾಣ್ಯ ಕಚ್ಚಿದ ಹಣ್ಣಿನ ಹಾಗೆ ಹುಟ್ಟುತ್ತದೆ. ಅಂಥದರಲ್ಲಿ ಕೊರತೆಗೆ ನೇರ ಎದುರಿನ ಅಂಚು ಕೂಡ ಹಲವು ವೇಳೆ ಮಂಕಾಗಿರುತ್ತದೆ. ಅರದಿಂದ ಉಜ್ಜಿ ಮೋಸಮಾಡುವವನಿಗೆ ಎದುರಿನ ಅಂಚಿನ ಯೋಚನೆ ಹೊಳೆಯುವುದಿಲ್ಲ. ಇನ್ನು ಅಯಸ್ಕಾಂತವಾಗುತ್ತದೆಂದು ನಂಬಿ ನಾವು ಹುಡುಗರು ರೈಲು ಹಳಿಯ ಮೇಲಿಟ್ಟ ಐದು ಪೈಸೆಗಳ ವಿಚಾರ ಹೇಳುವುದೇ ಬೇಡ. ಅಲ್ಯೂಮಿನಿಯಂ ಯಾವ ರೈಲಿಗೂ ಅಯಸ್ಕಾಂತವಾಗದೆಂದು ನಮಗೆ ಯಾರೂ ಹೇಳಿರಲಿಲ್ಲ.

ಇಷ್ಟಾದರೂ, ನಾಣ್ಯದ ಆಕಾರದಲ್ಲಿ ತಪ್ಪು ಹುಡುಕುವ ಈ ದೃಷ್ಟಿ ಯಂತ್ರದೊಡನೆ ಬಂದದ್ದೆಂಬುದನ್ನು ಮರೆಯಬಾರದು. ಹಿಂದೆ ನಾಣ್ಯ ತಯಾರಾಗುತ್ತಿದ್ದ ಸ್ಥಳಕ್ಕೆ ಕನ್ನಡದಲ್ಲಿ ಕಮ್ಮಟವೆಂದು ಹೆಸರು. ಈಗ ಆ ಪದ ಕವಿಗಳ ಶಿಬಿರಕ್ಕೆ ಉಳಿದಿದೆ. ಕಲ್ಯಾಣ ಚಾಲುಕ್ಯರ ಕಾಲದ ಚಿನ್ನದ ನಾಣ್ಯಗಳಲ್ಲಿ ಲಾಂಛನಗಳನ್ನು ಬೇರೆ ಬೇರೆ ಮುದ್ರೆಗಳಿಂದ ಒಂದೊಂದಾಗಿ ಒತ್ತುತ್ತಿದ್ದರು. ಒಂದು ಮುದ್ರೆ ಇನ್ನೊಂದರ ಮೇಲೆ ಹತ್ತಿದರೂ ಯಾರೂ ಅದನ್ನು ದೋಷವೆನ್ನಲಿಲ್ಲ. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಕಮ್ಮಟದ ಗದ್ಯಾಣವನ್ನು ಶಾಸನಗಳು ಹೆಸರಿಟ್ಟು ಹೇಳುತ್ತವೆ. ಆ ಹೆಸರಿಗೆ ಬೆಲೆ ಬಂದದ್ದು ತೂಕದಿಂದ, ಬಣ್ಣದಿಂದ, ಮುದ್ರೆಯ ಅಂದದಿಂದಲ್ಲ. ಟಿಪ್ಪುವಿನ ತಾಮ್ರದ ಕಾಸುಗಳಲ್ಲಿ ಆನೆಯ ಬಾಲವೋ ಸೊಂಡಿಲೋ ಅಂಚಿನಾಚೆ ಹೋಗಿರುವುದುಂಟು. ಕೈಯ ಸುತ್ತಿಗೆಯ ಕೆಲಸವೇ ಹಾಗೆ. ಕಂಪನಿ ಸರಕಾರ 1835ರಲ್ಲಿ 180 ಗ್ರೇನ್ ತೂಕದ ಏಕರೂಪದ ರೂಪಾಯಿಯನ್ನು ತಂದು, ಯಂತ್ರಗಳು ಒಂದರಂತೆ ಒಂದನ್ನು ಹೊರಹಾಕತೊಡಗಿದ ಮೇಲೆ, ಬೇರೆಯಾಗಿ ಕಂಡದ್ದು ತಪ್ಪೆನಿಸಿತು.

ಟಂಕಸಾಲೆಯ ತಪ್ಪಿಗೆ ಸಂಗ್ರಾಹಕರು ಹಣ ಕೊಡುತ್ತಾರೆ, ನಿಜ. ಆದರೆ ಅದು ಒಂದು ಯಂತ್ರದ ಒಂದು ಗಳಿಗೆಯ ಕಥೆ. ಅವರು ‘ಕೆಟ್ಟದ್ದು’ ಎಂದು ಬದಿಗಿಡುವ ನಾಣ್ಯವೇ ಅನೇಕ ವೇಳೆ ಹೆಚ್ಚು ಮಾತನಾಡುತ್ತದೆ. ತಮಿಳುನಾಡಿನ ಪುದುಕೋಟೆಯಲ್ಲಿ 1898ರಲ್ಲಿ 501 ರೋಮನ್ ಚಿನ್ನದ ನಾಣ್ಯಗಳು ದೊರೆತವು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯ ಕಡಿತವಿದೆ. ಇವು ಇನ್ನು ನಾಣ್ಯವಾಗಿ ನಡೆಯದಿರಲಿ, ಬರಿಯ ಚಿನ್ನವಾಗಿ ತೂಗಲ್ಪಡಲಿ ಎಂದು ಹಾಗೆ ಕಡಿದಿರಬೇಕೆಂದು ವಿದ್ವಾಂಸರ ಊಹೆ. ಒಂದು ಏಟಿನಲ್ಲಿ ಎರಡು ದೇಶಗಳ ವ್ಯಾಪಾರದ ಸಂಗತಿ ಅಡಗಿದೆ. ಮೊಗಲರ ಮತ್ತು ಕಂಪನಿಯ ರೂಪಾಯಿಗಳ ಮೇಲೆ ಕಾಣುವ ಪುಟ್ಟ ಚುಕ್ಕೆ, ನಕ್ಷತ್ರ, ಹೂಗಳೂ ಹೀಗೆಯೇ. ಬೆಳ್ಳಿ ಸಾಚಾ ಎಂದು ಪರೀಕ್ಷಿಸಿದ ಚಿನಿವಾರ ತನ್ನ ಮುದ್ರೆಯನ್ನು ಒತ್ತಿ ಕಳಿಸುತ್ತಿದ್ದ. ಅಂಥ ಐದಾರು ಮುದ್ರೆ ಹೊತ್ತ ರೂಪಾಯಿ ಐದಾರು ಅಂಗಡಿಗಳ ಜಗಲಿ ಹತ್ತಿ ಇಳಿದದ್ದು.

ರೈತರು ತಂದಿದ್ದ ಎರಡನೆಯ ನಾಣ್ಯದ ಬಗೆಗೆ ಅವರು ಏನನ್ನೂ ಕೇಳಿರಲಿಲ್ಲ. 1862 ಎಂದು ವರ್ಷ ನಮೂದಾದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಅದು. ತಲೆಯ ಮೇಲ್ಗಡೆ ಅಂಚಿಗೆ ಕೊಂಡಿ ಬೆಸೆದಿತ್ತು, ಅಜ್ಜಿಯ ಸರದ್ದಂತೆ. ರಾಣಿಯ ಮುಖ ಬಹುಪಾಲು ಸವೆದಿತ್ತು. ಹಿಂಬದಿಯ ಹೂಬಳ್ಳಿ ಇನ್ನೂ ನುಣುಪಾಗಿ, ಎದೆಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಕೆನ್ನೆಯ ಪಕ್ಕದಲ್ಲಿ ಚಿನಿವಾರನ ಎರಡು ಚುಕ್ಕೆಗಳನ್ನು ಮಸೂರದಲ್ಲಿ ತೋರಿಸಿದೆ.

‘ಇದಕ್ಕೆಷ್ಟು ಸಿಗ್ತದೆ ಮೇಷ್ಟ್ರೇ?’ ಎಂದರು.

‘ಕೊಂಡಿ ಹಾಕಿದ್ದರಿಂದ ಸಂಗ್ರಾಹಕರು ಕೊಳ್ಳರು, ಬೆಳ್ಳಿಯ ತೂಕದ ಬೆಲೆ, ಅಷ್ಟೆ’ ಎಂದೆ. ಅವರು ಮತ್ತೊಮ್ಮೆ ಮಸೂರ ಹಿಡಿದು ನೋಡಿ, ರೂಪಾಯಿಯನ್ನು ಕರವಸ್ತ್ರದ ತುದಿಗೆ ಗಂಟುಹಾಕಿಕೊಂಡರು. ವೈಸ್‌ನಲ್ಲಿ ಒತ್ತಿದ ನಾಣ್ಯ ನನ್ನ ಮೇಜಿನ ಮೇಲೆಯೇ ಉಳಿಯಿತು.